ಹೂವಿನ ಸರದಿ ಹಾಕಿಕೊಟ್ಟ ಕ್ರುಂಬಿಗಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹಲವು ಒಬ್ಬನೇ ವ್ಯಕ್ತಿಯ, ಉದ್ಯಾನ ವಿನ್ಯಾಸಕ ಕ್ರುಂಬಿಗಲ್ ಅವರ, ಸುತ್ತ ಇದ್ದವು. ಆದ್ದರಿಂದ ಗೊಬ್ಬರ, ಕೀಟ, ಕುಂಡಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು, ಉದ್ಯಾನ ವಿನ್ಯಾಸಕರ ಬದುಕು ಮತ್ತು ವೃತ್ತಿಯನ್ನು ಕುರಿತ ಪತ್ರಗಳಿಗೆ ಮಾತ್ರ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಶಾಲೆಯ ಪ್ರವಾಸದಲ್ಲಿ ಬೆಂಗಳೂರಿಗೆ ಹೋಗಿ ಬಂದ ನನ್ನ ಮಗಳು, ಲಾಲ್‌ಬಾಗ್ ಪಕ್ಕದ ರಸ್ತೆಗೆ ಕ್ರುಂಬಿಗಲ್ ಎಂಬ ಹೆಸರು ಏಕೆ ಬಂತು ಎಂದು ಕೇಳುತ್ತಿದ್ದಾಳೆ. ಆತ ಯಾರು? ತೋಟ ಮಾಡುವವನೊಬ್ಬನ ಹೆಸರನ್ನು ರಸ್ತೆಗೆ ಇಡುವಷ್ಟು ದೊಡ್ಡ ಕೆಲಸ ಯಾವುದು? (ಗೃಹಿಣಿ, ಸೇಡಂ)

ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್‌ನಲ್ಲಿ, ಜರ್ಮನಿಯ ಡ್ರೆಸ್ಡನ್ ನಗರಕ್ಕೆ ಹತ್ತಿರದ ಲೋಮನ್ ಎಂಬ ಊರಿನಲ್ಲಿ. ಅಲ್ಲಿಗೆ ಸಮೀಪದ ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆ ಕಲಿತ ಆತ, ಇಪ್ಪತ್ತರ ಆಸುಪಾಸಿನಲ್ಲಿಯೇ ಶ್ವೆರಿನ್ ಮತ್ತು ಹ್ಯಾಂಬರ್ಗ್ ನಗರಗಳಲ್ಲಿ ಕೆಲಸ ಮಾಡಿ, 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂವಿನ ಮಡಿಗಳನ್ನು ರೂಪಿಸಿದರು. ಆಮೇಲೆ ಕ್ಯೂ ಎಂಬಲ್ಲಿರುವ ರಾಜೋದ್ಯಾನದ ಸಿಬ್ಬಂದಿಯಾದರು. ಜಗತ್ತಿನ ಮೂಲೆಮೂಲೆಗಳಿಂದ ಬಂದ ಸಸ್ಯಗಳನ್ನು ಒಂದೇ ಆವರಣದಲ್ಲಿ ಬೆಳೆಸಿ, ಹೆಸರಿಸಿ, ಪರೀಕ್ಷಿಸುವ ಸಂಸ್ಥೆ ಕ್ಯೂ. ಅಲ್ಲಿ ದುಡಿದವರು ಹೂವಿನ ಬಣ್ಣವನ್ನಷ್ಟೇ ಅಲ್ಲ, ಆ ಗಿಡ ಯಾವ ಮಣ್ಣಿನಿಂದ ಬಂದಿತು, ಎಷ್ಟು ಬಿಸಿಲು ತಡೆಯುತ್ತದೆ, ಎಷ್ಟು ನೀರು ಬೇಡುತ್ತದೆ ಎಂಬುದನ್ನೂ ಕಲಿಯುತ್ತಿದ್ದರು. ಕ್ರುಂಬಿಗಲ್ ಅವರ ಮುಂದಿನ ಕೆಲಸವೆಲ್ಲ ಈ ಕಲಿಕೆಯ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ.

1893ರಲ್ಲಿ ಅವರು ಭಾರತಕ್ಕೆ ಬಂದು ಬರೋಡ ಸಂಸ್ಥಾನದ ಉದ್ಯಾನಗಳ ಹೊಣೆ ಹೊತ್ತರು. ಆಗ ಅಲ್ಲಿ ಆಳುತ್ತಿದ್ದವರು ಮೂರನೆಯ ಸಯಾಜಿರಾವ್ ಗಾಯಕವಾಡ್. ಗುಜರಾತಿನ ಬಿರುಬೇಸಿಗೆ ಯುರೋಪಿನಿಂದ ಬಂದ ಯುವಕನಿಗೆ ಸುಲಭವಾಗಿದ್ದಿರಲಾರದು. ಆದರೂ ಸುಮಾರು ಹದಿನಾಲ್ಕು ವರ್ಷ ಆ ಸೇವೆಯಲ್ಲಿ ಉಳಿದರು. ನಮ್ಮ ಭಾಗದ ಓದುಗರು ಈ ಅಧ್ಯಾಯವನ್ನು ಮರೆಯಬಾರದು. ಬೆಂಗಳೂರಿನ ತಂಪಿನಲ್ಲಿ ಹೆಸರು ಮಾಡುವ ಮೊದಲು ಆತ ಬಿಸಿಲಿನ ನಾಡಿನಲ್ಲಿ ನೆರಳನ್ನು ಬೆಳೆಸುವ ವಿದ್ಯೆಯನ್ನು ಕಲಿತಿದ್ದರು.

ಲಾಲ್‌ಬಾಗ್ ಅನ್ನು ದಶಕಗಳ ಕಾಲ ನಡೆಸಿದ ಜಾನ್ ಕ್ಯಾಮರಾನ್ 1908ರಲ್ಲಿ ನಿವೃತ್ತರಾದಾಗ, ಮೈಸೂರು ಅರಸರಾದ ನಲ್ವಡಿ ಕೃಷ್ಣರಾಜ ಒಡೆಯರ್ ಆ ಜಾಗಕ್ಕೆ ಕ್ರುಂಬಿಗಲ್ ಅವರನ್ನು ಕರೆಸಿಕೊಂಡರು. ಹೈದರ್ ಅಲಿ 1760ರ ಸುಮಾರಿಗೆ ಆರಂಭಿಸಿ, ಟಿಪ್ಪು ಹೊರದೇಶಗಳ ಗಿಡಗಳಿಂದ ಬೆಳೆಸಿದ ಆ ತೋಟದಲ್ಲಿ ಆ ಹೊತ್ತಿಗಾಗಲೇ ಗಾಜಿನ ಮನೆ ನಿಂತಿತ್ತು, ಅಪಾರ ಸಸ್ಯಸಂಗ್ರಹವೂ ಇತ್ತು. ಹೊಸದಾಗಿ ಬಂದವರು ಹಿಂದಿನವರ ಕೆಲಸವನ್ನು ಅಳಿಸಿ ತಮ್ಮ ಗುರುತು ಮೂಡಿಸಲು ಹೊರಡುವುದು ಸಾಮಾನ್ಯ. ಕ್ರುಂಬಿಗಲ್ ಹಾಗೆ ಮಾಡಲಿಲ್ಲ. ಇದ್ದುದನ್ನು ಉಳಿಸಿಕೊಂಡು, ಲಾಲ್‌ಬಾಗ್‌ನ ಗೋಡೆಯ ಹೊರಗೆ ನೋಡಿದರು. ಇಡೀ ನಗರವನ್ನೇ ಒಂದು ಉದ್ಯಾನವೆಂದು ಭಾವಿಸಿದ್ದು ಅವರ ವೃತ್ತಿಜೀವನದ ಅತಿ ದೊಡ್ಡ ಹೆಜ್ಜೆ. ಒಂದು ಬೀದಿಯ ಮರಗಳು ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಬೀದಿಯ ಮರಗಳು ಅರಳುವಂತೆ, ವರ್ಷದ ಯಾವ ತಿಂಗಳಿನಲ್ಲಿಯೂ ಊರು ಬರಿದಾಗದಂತೆ ಜಾತಿಗಳನ್ನು ಆರಿಸಿ ಸಾಲುಮರ ನೆಡಿಸುವ ಸರದಿ ಹೂಬಿಡುವಿಕೆಯ ಯೋಜನೆ ಅವರದು. ಬೆಂಗಳೂರಿಗೆ ಉದ್ಯಾನನಗರಿ ಎಂಬ ಹೆಸರು ಅಂಟಿಕೊಳ್ಳುವುದರಲ್ಲಿ ಈ ಯೋಜನೆಯ ಪಾಲು ದೊಡ್ಡದು.

1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಆರಂಭವಾಯಿತು. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಗಳನ್ನು ಇಂದಿಗೂ ತೋಟಗಾರಿಕೆ ಇಲಾಖೆಯೊಂದಿಗೆ ಸೇರಿ ನಡೆಸುವುದು ಅದೇ ಸಂಘ. ಹೊರದೇಶಗಳ ಉದ್ಯಾನಗಳೊಡನೆ ಬೀಜ ಮತ್ತು ಸಸಿಗಳ ವಿನಿಮಯವನ್ನು ಕ್ರುಂಬಿಗಲ್ ಬೆಳೆಸಿದರು. ಸ್ಥಳೀಯ ತರುಣರನ್ನು ತಯಾರು ಮಾಡಿದರು. ಅವರ ಕೈಕೆಳಗೆ ಪಳಗಿದ ಎಚ್.ಸಿ. ಜವರಾಯ ಅವರು ಮುಂದೆ ಲಾಲ್‌ಬಾಗ್‌ನ ಚುಕ್ಕಾಣಿ ಹಿಡಿದರು. 1932ರಲ್ಲಿ ನಿವೃತ್ತರಾದ ಕ್ರುಂಬಿಗಲ್ ತಾಯ್ನಾಡಿಗೆ ಮರಳಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನ್ ಎಂಬ ಒಂದೇ ಕಾರಣಕ್ಕೆ, ಈ ದೇಶದಲ್ಲಿ ಅರ್ಧ ಶತಮಾನ ಕಳೆದಿದ್ದ ಆ ವೃದ್ಧರನ್ನು ಬ್ರಿಟಿಷರು ಬಂಧನದಲ್ಲಿಟ್ಟರು. ಇದನ್ನು ಬರೆಯುವಾಗ ಈಗಲೂ ನನಗೆ ನೋವಾಗುತ್ತದೆ. ಬಿಡುಗಡೆಯ ನಂತರವೂ ಅವರು ಬೆಂಗಳೂರಿನಲ್ಲಿಯೇ ಇದ್ದು, 1956ರ ಫೆಬ್ರುವರಿಯಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗ್ ಒಳಗೆ ಅವರ ಹೆಸರನ್ನು ಹೊತ್ತಿದ್ದ ಹಳೆಯ ಸಭಾಂಗಣ ಬಹುಕಾಲ ದುರಸ್ತಿಯಿಲ್ಲದೆ ನಿಂತು 2017ರಲ್ಲಿ ಕುಸಿಯಿತು. ನಿಮ್ಮ ಮಗಳು ಕಂಡ ಆ ರಸ್ತೆಯ ಫಲಕವನ್ನು ಓದಿ ಪ್ರಶ್ನೆ ಕೇಳುವ ಮಕ್ಕಳು ಇನ್ನೂ ಇದ್ದಾರೆ ಎಂಬುದು ನನಗೆ ಬಹಳ ಸಂತೋಷದ ಸಂಗತಿ.

ಪ್ರಶ್ನೆ: ಬೆಂಗಳೂರಿನಲ್ಲಿ ಪ್ರತಿವರ್ಷ ಗುಲಾಬಿ ಬಣ್ಣದ ಹೂವಿನ ಮರಗಳ ಚಿತ್ರಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ಅವೆಲ್ಲವನ್ನೂ ಕ್ರುಂಬಿಗಲ್ ನೆಡಿಸಿದ್ದೇ? ಬೃಂದಾವನವೂ ಅವರದೇ ಎನ್ನುತ್ತಾರಲ್ಲ? (ನಿವೃತ್ತ ಶಿಕ್ಷಕರು, ಕಲಬುರಗಿ)

ಹೆಸರಾಂತ ವ್ಯಕ್ತಿಯೊಬ್ಬರ ಲೆಕ್ಕಕ್ಕೆ ಇತರರ ದುಡಿಮೆಯೂ ಸೇರಿಹೋಗುವುದು ಎಲ್ಲ ಕ್ಷೇತ್ರಗಳಲ್ಲಿ ನಡೆಯುತ್ತದೆ, ಇಲ್ಲಿಯೂ ನಡೆದಿದೆ. ಇಂದು ನಾವು ಬೆಂಗಳೂರಿನ ಬೀದಿಗಳಲ್ಲಿ ಕಾಣುವ, ಗುಲಾಬಿ ಬಣ್ಣದ ಹೂವಿನ ಆ ಟಬೂಬಿಯಾ ಮರಗಳಲ್ಲಿ ಬಹುಪಾಲು 1980ರ ದಶಕದವು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1982ರಿಂದ ಕೆಲವೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಬಡಾವಣೆಗಳು ವೇಗವಾಗಿ ಬೆಳೆಯುತ್ತಿದ್ದ ಕಾಲದಲ್ಲಿ, ದನಗಳು ಮೇಯದಂತೆ, ಮಕ್ಕಳು ಮುರಿಯದಂತೆ ಎತ್ತರದ ಸಸಿಗಳನ್ನೇ ಬೆಳೆಸಿ, ಬೇಲಿ ಹಾಕಿ, ನೀರು ಹೊಯ್ಯಿಸಿ ಉಳಿಸಿದ ಆ ಕೆಲಸಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ. ಕ್ರುಂಬಿಗಲ್ ಅವರಿಂದ ಬಂದದ್ದು ಸರದಿಯ ಕಲ್ಪನೆ ಮತ್ತು ಹಳೆಯ ಭಾಗದ ಸಾಲುಮರಗಳ ಪರಂಪರೆ. ಅದನ್ನು ಹೊಸ ಬಡಾವಣೆಗಳಿಗೆ ದಾಟಿಸಿದವರಲ್ಲಿ ನೇಗಿನಹಾಳರು ಪ್ರಮುಖರು. ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳುವುದೇ ನ್ಯಾಯ.

ಬೃಂದಾವನದ ವಿಷಯಕ್ಕೆ ಬಂದರೆ, ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗೆ ಉದ್ಯಾನವೊಂದು ಇರಬೇಕೆಂದು ಆಸ್ಥೆ ವಹಿಸಿ ಬೆನ್ನುಹತ್ತಿದವರು 1926ರಿಂದ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಕಾಶ್ಮೀರದ ಶಾಲಿಮಾರ್ ತೋಟ ಅವರ ಕಣ್ಣಮುಂದಿತ್ತು. ಅದರ ವಿನ್ಯಾಸದಲ್ಲಿ ಕ್ರುಂಬಿಗಲ್ ಅವರ ಕೈಯಿದೆ. ಅಣೆಕಟ್ಟೆಯ ಹಿಂದೆ ನಿಂತ ನೀರಿನ ಎತ್ತರವನ್ನೇ ಬಳಸಿಕೊಂಡು ಕಾರಂಜಿಗಳನ್ನು ಚಿಮ್ಮಿಸುವ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ತೋಟ ಎಂಜಿನಿಯರು, ಆಡಳಿತಗಾರ ಮತ್ತು ಉದ್ಯಾನ ವಿನ್ಯಾಸಕ ಮೂವರೂ ಸೇರಿದಾಗ ಮಾತ್ರ ಆಗುವಂಥದ್ದು.

ಪ್ರಶ್ನೆ: ನಮ್ಮ ಬೀದರ್ ಕೋಟೆಯೊಳಗೂ ಲಾಲ್‌ಬಾಗ್ ಇದೆ. ಬೆಂಗಳೂರಿನ ಲಾಲ್‌ಬಾಗ್‌ಗೂ ಇದಕ್ಕೂ ಸಂಬಂಧವಿದೆಯೇ? ಇಲ್ಲಿ ಅಂಥ ವಿನ್ಯಾಸಕರು ಇರಲಿಲ್ಲವೇ? (ಪದವಿ ವಿದ್ಯಾರ್ಥಿ, ಬೀದರ್)

ನೇರ ಸಂಬಂಧವಿಲ್ಲ. ಆದರೆ ಎರಡೂ ಒಂದೇ ದೊಡ್ಡ ಸಂಪ್ರದಾಯದ ಕವಲುಗಳು. ಸೋಲಹ್ ಕಂಬ ಮಸೀದಿಯ ಎದುರಿನ ಬೀದರಿನ ಲಾಲ್‌ಬಾಗ್ ಕೋಟೆಯ ಅರಮನೆ ಆವರಣದ ತೋಟ. ಉದ್ದಕ್ಕೂ ಹರಿಯುವ ನೀರಿನ ಕಾಲುವೆ ಅದರ ಬೆನ್ನೆಲುಬು. ಊರ ಪಶ್ಚಿಮಕ್ಕೆ ಇರುವ ಅಲಿ ಬರೀದನ ಗೋರಿಯನ್ನು ನೋಡಿದರೆ, ಚೌಕಾಕಾರದ ತೋಟವನ್ನು ನಾಲ್ಕು ಭಾಗ ಮಾಡಿ ನಡುವೆ ಕಟ್ಟಡ ನಿಲ್ಲಿಸುವ ಪರ್ಷಿಯನ್ ಕ್ರಮ ಸ್ಪಷ್ಟವಾಗಿ ತಿಳಿಯುತ್ತದೆ. ಬೆಂಗಳೂರಿನಲ್ಲಿ ಹೈದರ್ ಅಲಿ ಅನುಸರಿಸಿದ್ದೂ ಶಿರಾದಲ್ಲಿದ್ದ ಮೊಗಲ್ ರೀತಿಯ ತೋಟವನ್ನೇ.

ಬೀದರ್ ಪಕ್ಕದ ನೌಬಾದಿನ ಕರೇಜ್ ಎಂಬ ನೀರಿನ ಸುರಂಗವನ್ನು ನೋಡಿದವರಿಗೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಕ್ಕಿರುತ್ತದೆ. ಜಂಬಿಟ್ಟಿಗೆಯ ಪದರಗಳಲ್ಲಿ ಇಂಗಿದ ನೀರನ್ನು ನೆಲದ ಕೆಳಗಿನಿಂದಲೇ, ಬಿಸಿಲಿಗೆ ಆರಿಹೋಗದಂತೆ, ಇಳಿಜಾರಿನ ಬಲದಿಂದ ಊರಿಗೆ ತರುವ ಏರ್ಪಾಟನ್ನು ಕಲ್ಪಿಸಿ ಕೊರೆದವರು ಉದ್ಯಾನ ವಿನ್ಯಾಸದ ಅತಿ ಕಠಿಣ ಭಾಗವನ್ನು ಬಗೆಹರಿಸಿದ್ದರು. ಬೀದರಿನಲ್ಲಿ ಅಂಥ ವಿನ್ಯಾಸಕರು ಖಂಡಿತ ಇದ್ದರು; ಅವರ ಹೆಸರಿನ ರಸ್ತೆ ಮಾತ್ರ ಇಲ್ಲ.

ಪ್ರಶ್ನೆ: ಪಿಯುಸಿ ವಿಜ್ಞಾನ ಮುಗಿಸಿದ್ದೇನೆ. ಉದ್ಯಾನ ವಿನ್ಯಾಸವನ್ನು ವೃತ್ತಿಯಾಗಿ ಮಾಡಿಕೊಳ್ಳುವ ಆಸೆಯಿದೆ. "ಅಷ್ಟು ಓದಿ ಮಾಲಿ ಆಗ್ತೀಯೇನು" ಎಂದು ಮನೆಯಲ್ಲಿ ಹಿರಿಯರು ಬೇಸರ ಮಾಡಿಕೊಳ್ಳುತ್ತಾರೆ. ಈ ವೃತ್ತಿಯಲ್ಲಿ ನಿಜಕ್ಕೂ ದೊಡ್ಡ ಹೆಸರು ಮಾಡಿದವರು ಇದ್ದಾರೆಯೇ? ಯಾವ ದಾರಿ ಹಿಡಿಯಬೇಕು? (ವಿದ್ಯಾರ್ಥಿನಿ, ಶಹಾಪುರ, ಯಾದಗಿರಿ ಜಿಲ್ಲೆ)

ಮಗಳೇ, ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಮಾಲಿಯ ಕೆಲಸ ಕೀಳಲ್ಲ, ಮತ್ತು ಆ ಕೆಲಸವನ್ನು ಕೈಯಾರೆ ಮಾಡದವರು ಒಳ್ಳೆಯ ಉದ್ಯಾನ ವಿನ್ಯಾಸಕರಾಗಲಾರರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಮೀನ್ದಾರರ ನೂರೆಪ್ಪತ್ತಕ್ಕೂ ಹೆಚ್ಚು ವನಗಳ ರೂಪ ಬದಲಿಸಿ, ಕೊನೆಗೆ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಮುಖ್ಯ ತೋಟಗಾರರಾದ ಲ್ಯಾನ್ಸೆಲಾಟ್ ಬ್ರೌನ್ ಹಳ್ಳಿಯ ತೋಟದ ಹುಡುಗನಾಗಿ ಕೆಲಸ ಶುರು ಮಾಡಿದವರು. ನಾನೂರಕ್ಕೂ ಹೆಚ್ಚು ತೋಟಗಳನ್ನು ರೂಪಿಸಿದ ಗರ್ಟ್ರೂಡ್ ಜೀಕಲ್ ಚಿತ್ರಕಲೆ ಓದಿದವರು. ದೃಷ್ಟಿ ಮಂದವಾಗುತ್ತ ಬಂದಾಗ ಬಣ್ಣದ ಜ್ಞಾನವನ್ನೆಲ್ಲ ಹೂವಿನ ಮಡಿಗಳಿಗೆ ತಂದರು. ಮುಂದೆ ಹೊಸದಿಲ್ಲಿಯನ್ನು ವಿನ್ಯಾಸಗೊಳಿಸಿದ ಎಡ್ವಿನ್ ಲುಟಿಯನ್ಸ್ ತರುಣನಾಗಿದ್ದಾಗಲೇ ಅವರೊಡನೆ ಸೇರಿ ಮನೆ ಮತ್ತು ತೋಟಗಳನ್ನು ಒಟ್ಟಾಗಿ ಕಟ್ಟುತ್ತಿದ್ದರು.

ಆದರೆ ನಿನ್ನ ಮನೆಯ ಹಿರಿಯರ ಮುಂದೆ ಒಬ್ಬರ ಬದುಕನ್ನು ಮಾತ್ರ ಹೇಳಬೇಕೆಂದಿದ್ದರೆ ಬ್ರೆಜಿಲ್ ದೇಶದ ರೊಬೆರ್ತೊ ಬುರ್ಲೆ ಮಾರ್ಕ್ಸ್ ಅವರದನ್ನು ಹೇಳು. 1909ರಲ್ಲಿ ಹುಟ್ಟಿದ ಈತ ಹತ್ತೊಂಬತ್ತರ ವಯಸ್ಸಿನಲ್ಲಿ ಕಣ್ಣಿನ ಚಿಕಿತ್ಸೆಗಾಗಿ ಕುಟುಂಬದೊಡನೆ ಜರ್ಮನಿಗೆ ಹೋದರು. ಬರ್ಲಿನ್ನಿನ ದಾಲೆಮ್ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ, ತಮ್ಮದೇ ನಾಡಿನ ಕಾಡುಗಿಡಗಳನ್ನು ರಾಜೋಪಚಾರದಿಂದ ಬೆಳೆಸಿದ್ದನ್ನು ಅಲ್ಲಿ ಕಂಡರು. ಊರಿನಲ್ಲಿ ಶ್ರೀಮಂತರು ಯುರೋಪಿನ ಗುಲಾಬಿ ನೆಟ್ಟು, ಇದೇ ಗಿಡಗಳನ್ನು ಕಳೆಯೆಂದು ಕಿತ್ತೆಸೆಯುತ್ತಿದ್ದರು. ಮರಳಿದ ಮೇಲೆ ಆತ ಕಾಡು ಸುತ್ತಿ ಬ್ರೆಜಿಲ್ಲಿನ ಗಿಡಗಳನ್ನು ಹುಡುಕಿ ತಂದು, ತೋಟದಲ್ಲಿ ಬೆಳೆಸಿ ಪರೀಕ್ಷಿಸಿ, ದೊಡ್ಡ ದೊಡ್ಡ ಸಾರ್ವಜನಿಕ ಉದ್ಯಾನಗಳಲ್ಲಿ ಬಳಸಿದರು. ಅವರು ಶೋಧಿಸಿದ ಹಲವು ಸಸ್ಯಗಳಿಗೆ ವಿಜ್ಞಾನಿಗಳು ಅವರ ಹೆಸರನ್ನೇ ಇಟ್ಟಿದ್ದಾರೆ. ರಿಯೊ ನಗರದ ಕೋಪಕಬಾನಾ ಕಡಲತೀರದ ಅಲೆಯಾಕಾರದ ಕಲ್ಲುಹಾಸಿನ ಹಾದಿಗೆ 1970ರಲ್ಲಿ ಅವರ ವಿನ್ಯಾಸದಲ್ಲಿ ಇಂದಿನ ರೂಪ ಬಂತು. 1949ರಲ್ಲಿ ಕೊಂಡ ಜಮೀನಿನಲ್ಲಿ ಅವರು ಕೂಡಿಸಿದ ಸಸ್ಯಸಂಗ್ರಹದಲ್ಲಿ 3500ಕ್ಕೂ ಹೆಚ್ಚು ಬಗೆಯ ಗಿಡಗಳಿವೆ. 1994ರಲ್ಲಿ ಅವರು ತೀರಿಕೊಂಡು ಬಹುಕಾಲದ ನಂತರ, 2021ರಲ್ಲಿ, ಯುನೆಸ್ಕೊ ಆ ತೋಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲಬುರಗಿ ಭಾಗದಲ್ಲಿ ಹೊಸ ಬಂಗಲೆ ಕಟ್ಟಿದವರು ಹುಲ್ಲುಹಾಸಿಗಾಗಿ ಟ್ಯಾಂಕರ್ ನೀರು ತರಿಸಿ, ಆವರಣದ ಬೇವಿನ ಗಿಡವನ್ನು ಕಡಿಸುವುದನ್ನು ನೋಡಿದಾಗಲೆಲ್ಲ ನನಗೆ ಈ ಮನುಷ್ಯ ನೆನಪಾಗುತ್ತಾರೆ. ಚಿಂಚೋಳಿಯ ಒಣ ಕಾಡಿನ ಗಿಡಗಳನ್ನು ಅವರ ಕಣ್ಣಿನಿಂದ ನೋಡುವ ವಿನ್ಯಾಸಕರು ನಮ್ಮಲ್ಲಿ ಹುಟ್ಟಬೇಕು.

ಓದಿನ ದಾರಿ ಎರಡು. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಬೀದರಿನಲ್ಲಿಯೇ ಇದೆ. ಅಲ್ಲಿ ನಾಲ್ಕು ವರ್ಷಗಳ ತೋಟಗಾರಿಕೆ ಪದವಿ ಪಡೆದು, ಮುಂದೆ ಪುಷ್ಪಕೃಷಿ ಮತ್ತು ಉದ್ಯಾನ ವಿನ್ಯಾಸದಲ್ಲಿ ಸ್ನಾತಕೋತ್ತರ ಓದಬಹುದು. ಇನ್ನೊಂದು, ವಾಸ್ತುಶಿಲ್ಪ ಪದವಿಯ ನಂತರ ಭೂದೃಶ್ಯ ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿ. ದೆಹಲಿ ಮತ್ತು ಅಹಮದಾಬಾದಿನಲ್ಲಿ ಅದಕ್ಕೆ ಒಳ್ಳೆಯ ಸಂಸ್ಥೆಗಳಿವೆ. ವಿಜ್ಞಾನ ಓದಿರುವ ನಿನಗೆ ಮೊದಲ ದಾರಿ ಹತ್ತಿರದ್ದು, ಖರ್ಚೂ ಕಡಿಮೆ. ಯಾವುದನ್ನು ಆರಿಸಿದರೂ ರಜೆಯಲ್ಲಿ ನರ್ಸರಿಯೊಂದರಲ್ಲಿ ಕೆಲಸ ಮಾಡು. ಕಸಿ ಕಟ್ಟುವುದು, ಬೀಜಕ್ಕೆ ಉಪಚಾರ ಮಾಡುವುದು, ಸಸಿ ಒಣಗುತ್ತಿರುವುದು ನೀರು ಕಡಿಮೆಯಾಗಿಯೋ ಹೆಚ್ಚಾಗಿಯೋ ಎಂದು ಎಲೆ ನೋಡಿ ಹೇಳುವುದು ತರಗತಿಯಲ್ಲಿ ಪೂರ್ತಿ ಬರುವುದಿಲ್ಲ. ನಕ್ಷೆ ಬರೆಯುವುದನ್ನು ಎರಡು ವರ್ಷದಲ್ಲಿ ಕಲಿಯಬಹುದು. ನೆಟ್ಟ ಸಸಿ ಇಪ್ಪತ್ತು ವರ್ಷಗಳ ನಂತರ ಎಷ್ಟು ಅಗಲ ಹರಡುತ್ತದೆ, ಅದರ ಬೇರು ಪಾಯಕ್ಕೆ ತಗಲುತ್ತದೆಯೇ, ಅದರ ನೆರಳಿನಲ್ಲಿ ಯಾವ ಗಿಡ ಬದುಕುತ್ತದೆ ಎಂಬುದನ್ನು ನೆಲವೇ ಕಲಿಸಬೇಕು.

ಪ್ರಶ್ನೆ: ನಮ್ಮ ಬಡಾವಣೆಯ ನಿವಾಸಿಗಳು ಸೇರಿ ಎರಡು ಬೀದಿಗಳಲ್ಲಿ ಮರ ನೆಡಲು ನಿರ್ಧರಿಸಿದ್ದೇವೆ. ಬೆಂಗಳೂರಿನ ಹಾಗೆ ಹೂವಿನ ಸರದಿಯನ್ನು ಕಲಬುರಗಿಯ ಎರೆ ಮಣ್ಣಿನಲ್ಲಿ, ಈ ಬಿಸಿಲಿನಲ್ಲಿ ಮಾಡಲು ಸಾಧ್ಯವೇ? (ಬಡಾವಣೆಯ ಸಂಘದ ಕಾರ್ಯದರ್ಶಿ, ಕಲಬುರಗಿ)

ಖಂಡಿತ ಸಾಧ್ಯ, ಆದರೆ ಬೆಂಗಳೂರಿನ ಮರಗಳ ಪಟ್ಟಿಯನ್ನು ಹಾಗೆಯೇ ತರಬೇಡಿ. ಆ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಮ್ಮದು ಅದರ ಅರ್ಧದಷ್ಟು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರಿದು, ಎಳೆ ಬೇರುಗಳನ್ನು ಹರಿಯುತ್ತದೆ. ತಂಪನ್ನು ಬಯಸುವ ಜಕರಂಡಾದಂಥ ಮರಕ್ಕೆ ಇಲ್ಲಿ ಹಣ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಕ್ರುಂಬಿಗಲ್ ಇಲ್ಲಿ ಕೆಲಸ ಮಾಡಿದ್ದರೆ ಮೊದಲು ನಮ್ಮ ಹೊಲದ ಬದುಗಳಲ್ಲಿ ತಾವಾಗಿಯೇ ನಿಂತಿರುವ ಗಿಡಗಳನ್ನು ನೋಡುತ್ತಿದ್ದರು ಎಂಬುದು ನನ್ನ ದೃಢ ಅಭಿಪ್ರಾಯ.

ಸರದಿ ಹೀಗೆ ಹೊಂದಬಹುದು. ಶಿವರಾತ್ರಿಯ ಆಸುಪಾಸಿನಲ್ಲಿ ಎಲೆಯೆಲ್ಲ ಉದುರಿದ ಮೇಲೆ ಮುತ್ತುಗ ಕೆಂಪೇರುತ್ತದೆ. ಯುಗಾದಿಯ ಹೊತ್ತಿಗೆ ಬೇವು ಬಿಳಿಯ ಹೂವಿನಿಂದ ತುಂಬುತ್ತದೆ, ಅದರ ಹಿಂದೆಯೇ ಹೊಂಗೆ. ಬಸವ ಜಯಂತಿಯಿಂದ ಮುಂದೆ, ಬಿಸಿಲು ನೆತ್ತಿಯ ಮೇಲೆ ಉರಿಯುವ ದಿನಗಳಲ್ಲಿ, ಕಕ್ಕೆಯ ಹಳದಿ ಗೊಂಚಲುಗಳು ಇಳಿಬೀಳುತ್ತವೆ. ಮಳೆಗಾಲ ಮುಗಿಯುವಾಗ ಬಸವನಪಾದ, ದಸರೆಯ ನಂತರ ಆಕಾಶಮಲ್ಲಿಗೆ. ಗುಲ್‌ಮೊಹರ್ ಬೇಕೆಂದು ಎಲ್ಲರೂ ಕೇಳುತ್ತಾರೆ. ಅದರ ಹೂ ನಿಜಕ್ಕೂ ಮನೋಹರ, ಆದರೆ ಬೇರು ಆಳಕ್ಕೆ ಇಳಿಯುವುದಿಲ್ಲ, ಕೊಂಬೆ ಹಗುರ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ವಾಹನಗಳ ಮೇಲೆ ಬೀಳುವ ಮರಗಳಲ್ಲಿ ಅದು ಮೊದಲನೆಯದು. ಬೀದಿಗೆ ಬೇಡ, ತೆರೆದ ಮೈದಾನದ ಅಂಚಿಗೆ ಇರಲಿ. ಒಂದು ಬೀದಿಯ ಉದ್ದಕ್ಕೂ ಒಂದೇ ಜಾತಿಯನ್ನು ನೆಡಿರಿ. ಬಗೆಬಗೆಯ ಮರಗಳನ್ನು ಬೆರೆಸಿ ನೆಟ್ಟರೆ ವರ್ಷಪೂರ್ತಿ ಒಂದೊಂದು ಮರ ಅಲ್ಲಲ್ಲಿ ಹೂಬಿಟ್ಟು, ಬೀದಿಗೆ ಬೀದಿಯೇ ಅರಳುವ ಆ ಸೊಬಗು ಸಿಗುವುದಿಲ್ಲ. ನಿಮ್ಮ ಎರಡು ಬೀದಿಗಳಲ್ಲಿ ಒಂದಕ್ಕೆ ಹೊಂಗೆ, ಇನ್ನೊಂದಕ್ಕೆ ಕಕ್ಕೆ ನನ್ನ ಸಲಹೆ. ಹೊಂಗೆಯ ನೆರಳು ದಟ್ಟ, ಆದ್ದರಿಂದ ಹೆಚ್ಚು ಜನ ನಡೆದಾಡುವ ಬೀದಿಗೆ ಅದನ್ನು ಕೊಡಿ. ವಿದ್ಯುತ್ ತಂತಿ ಹಾದುಹೋಗುವ ಬದಿಗೆ ಅಷ್ಟು ಎತ್ತರ ಬೆಳೆಯದ ಬಸವನಪಾದ ಸಾಕು.

ಗುಂಡಿಗಳನ್ನು ಬೇಸಿಗೆಯಲ್ಲಿಯೇ, ಎರಡೂವರೆಯಿಂದ ಮೂರು ಅಡಿ ಆಳಕ್ಕೆ ತೆಗೆಸಿ ಬಿಸಿಲಿಗೆ ಬಿಡಿ. ತಳದಲ್ಲಿ ಒಂದು ಪದರ ಮುರುಮ್ (ಗರಸು ಮಣ್ಣು) ಹಾಕಿದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುವುದಿಲ್ಲ. ಮೇಲೆ ಎರೆ ಮಣ್ಣಿಗೆ ಮುರುಮ್ ಮತ್ತು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ ತುಂಬಿ. ಮಿರಗದ (ಮೃಗಶಿರಾ) ಮಳೆ ಬಿದ್ದು ನೆಲ ತಣಿದ ಮೇಲೆ, ಆಳೆತ್ತರದ ಸಸಿಗಳನ್ನೇ ತಂದು ನೆಡಿರಿ. ಫರಸಿ ಹಾಸುವವರಿಗೆ ಮೊದಲೇ ಹೇಳಿ, ಪ್ರತಿ ಸಸಿಯ ಸುತ್ತ ಕನಿಷ್ಠ ನಾಲ್ಕು ಅಡಿ ಚೌಕದ ಮಣ್ಣು ತೆರೆದಿರುವಂತೆ ನೋಡಿಕೊಳ್ಳಿ. ಬುಡದವರೆಗೆ ಕಲ್ಲು ಹಾಸಿದ ಬೀದಿಗಳಲ್ಲಿ ಮರಗಳು ಉಸಿರುಗಟ್ಟಿ ಸೊರಗಿರುವುದನ್ನು ನಮ್ಮ ನಗರದ ಎಲ್ಲ ಕಡೆ ಕಾಣಬಹುದು. ಮಹಾನಗರ ಪಾಲಿಕೆಯ ಅನುಮತಿ ಪಡೆದು, ಕುಡಿಯುವ ನೀರಿನ ಕೊಳವೆ ಎಲ್ಲಿ ಹಾದಿದೆ ಎಂದು ಕೇಳಿ ತಿಳಿದುಕೊಂಡೇ ಅಗೆಯಿರಿ. ಮೊದಲ ಮೂರು ಬೇಸಿಗೆಗಳಲ್ಲಿ ವಾರಕ್ಕೆ ಎರಡು ಸಲ ನಿಧಾನವಾಗಿ ನೀರುಣಿಸುವ ಹೊಣೆಯನ್ನು ಮನೆಮನೆಗೆ ಹಂಚಿ, ಪ್ರತಿ ಸಸಿಯ ಎದುರಿನ ಮನೆಯವರ ಹೆಸರನ್ನು ಸಂಘದ ಪುಸ್ತಕದಲ್ಲಿ ಬರೆದುಕೊಳ್ಳಿ. ಬೀಜದಿಂದ ಬೆಳೆದ ಕಕ್ಕೆ ಹೂಬಿಡಲು ಕೆಲವು ವರ್ಷ ಹಿಡಿಯುತ್ತದೆ. ಎರಡು ಬೇಸಿಗೆ ಕಳೆದರೂ ಹೂ ಬರಲಿಲ್ಲವೆಂದು ಯಾರಾದರೂ ಕೀಳಲು ಹೊರಟರೆ ದಯವಿಟ್ಟು ತಡೆಯಿರಿ.